ಏಡಿಯ ಕಡೇ ಜೋಡಿ ಕಾಲು

ನಮ್ಮ ಶಿರಸಿ ಮನೆಯ ಜಗಲಿಯಲ್ಲಿ ಗಾಜಿನ ಬಾಗಿಲಿನ ಹಳೇ ಕಪಾಟೊಂದಿದೆ. ಮೊದಲು ಅದರಲ್ಲಿ ಪಂಚಾಂಗ, ಔಷಧಿ ಬಾಟಲಿ, ಸೊಸೈಟಿಯ ಪಾಸ್‌ಬುಕ್ಕು ಇರುತ್ತಿದ್ದವು. ಈಗ ನಾನು ಮಡಚಿದ ಕಾಗದದ ಪ್ರಾಣಿಗಳಿವೆ, ಒರಿಗಾಮಿ ಎನ್ನುತ್ತಾರಲ್ಲ, ಕಾಗದ ಮಡಚುವ ಆ ಕಲೆಯವು. ಹಬ್ಬಕ್ಕೋ ತಿಥಿಗೋ ಬಂದ ನೆಂಟರು ಊಟ ಮುಗಿಸಿ, ಕವಳ ಹಾಕುತ್ತ ಅದರ ಮುಂದೆ ನಿಲ್ಲುತ್ತಾರೆ. ಮುಂದೆ ಏನು ಕೇಳುತ್ತಾರೆಂಬುದು ನನಗೆ ಬಾಯಿಪಾಠ. “ಒಂದೇ ಹಾಳೆಯನಾ?” ಹೌದು. “ಎಲ್ಲೂ ಕತ್ರಿ ಹಾಕಿದ್ದಿಲ್ಯ? ಅಂಟೂ ಇಲ್ಯ?” ಇಲ್ಲ. ಇಷ್ಟು ಹೇಳಿದ್ದೇ ತಡ, ಅವರ ಮುಖವೇ ಬೇರೆಯಾಗುತ್ತದೆ. ಅಲ್ಲಿವರೆಗೆ ಮಕ್ಕಳ ಆಟಿಕೆ ಎಂದುಕೊಂಡಿದ್ದು ಒಮ್ಮೆಲೇ ಪವಾಡವಾಗಿಬಿಡುತ್ತದೆ. “ಎಷ್ಟು ದಿನ ಬೇಕಾತು ಮಾರಾಯಾ” ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕೂ ಉತ್ತರ ಸಿಕ್ಕಮೇಲೆ ಮಾತು ಅಡಿಕೆ ರೇಟಿನ ಕಡೆ ಹೊರಳುತ್ತದೆ.

ಈ ಪ್ರಶ್ನೆಗಳಿಂದ ಬೇಸರವೇನಿಲ್ಲ. ಹೊಗಳಿಕೆ ಯಾರಿಗೆ ಬೇಡ? ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಕಪಾಟಿನಲ್ಲಿರುವ ಕುದುರೆ ಒಂದೇ ಹಾಳೆಯದು ಎಂದು ತಿಳಿಯುವ ಮೊದಲೂ, ತಿಳಿದ ಮೇಲೂ ಅದೇ ಕಾಗದ, ಅದೇ ಆಕಾರ. ಕಣ್ಣಿಗೆ ಕಾಣುವುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಅವರು ಮೆಚ್ಚಿದ್ದು ಏನನ್ನು? ಕುದುರೆಯನ್ನಂತೂ ಅಲ್ಲ. ಅದರ ಕುತ್ತಿಗೆ ಸರಿಬಂದಿದೆಯೋ ಇಲ್ಲವೋ, ಅದು ಓಡಲು ಹೊರಟ ಕುದುರೆಯೋ ಓಡಿ ಸುಸ್ತಾದ ಕುದುರೆಯೋ ಎಂದು ನಮ್ಮ ಜಗಲಿಯಲ್ಲಿ ಈವರೆಗೆ ಒಬ್ಬರೂ ಕೇಳಿಲ್ಲ. ಅವರು ಮೆಚ್ಚುವುದು ಒಂದು ಕಟ್ಟುಪಾಡಿಗೆ ಬಿದ್ದು ನಾನು ಪಟ್ಟ ಕಷ್ಟವನ್ನು. ನಿಜ ಹೇಳಬೇಕೆಂದರೆ ಬಹಳ ಕಾಲ ನಾನೂ ಬೇರೆಯವರ ಪ್ರಾಣಿಗಳನ್ನು ಹಾಗೆಯೇ ನೋಡುತ್ತಿದ್ದೆ: ಎಷ್ಟು ಕಾಲು, ಎಷ್ಟು ಉಗುರು, ಎಷ್ಟು ಹೆಜ್ಜೆ.

ಆ ಕಟ್ಟುಪಾಡಾದರೂ ನಾವು ಅಂದುಕೊಂಡಷ್ಟು ಹಳೆಯದಲ್ಲ. 1797ರಲ್ಲಿ ಜಪಾನಿನಲ್ಲಿ ಅಚ್ಚಾದ ‘ಸೆಂಬಜುರು ಒರಿಕಾತ’ ಕೊಕ್ಕರೆ ಮಡಚುವುದಕ್ಕೇ ಮೀಸಲಾದ ಪುಸ್ತಕ. ಅದರಲ್ಲಿ ಒಂದೇ ಹಾಳೆಯನ್ನು ಅಲ್ಲಲ್ಲಿ ಸೀಳಿ, ರೆಕ್ಕೆಗೆ ರೆಕ್ಕೆ, ಕೊಕ್ಕಿಗೆ ಕೊಕ್ಕು ತಾಗಿಕೊಂಡಿರುವ ಕೊಕ್ಕರೆಗಳ ಸಾಲನ್ನೇ ಮಾಡುತ್ತಾರೆ. ಕತ್ತರಿ ತಾಗಿದರೆ ಮೈಲಿಗೆ ಎಂದು ಅವರಿಗೆ ಅನಿಸಿರಲಿಲ್ಲ. ಕಳೆದ ಶತಮಾನದ ನಡುವಿನಲ್ಲೂ ನಾಲ್ಕು ಕಾಲಿನ ಪ್ರಾಣಿ ಬೇಕೆಂದರೆ ಮುಂದಿನ ಅರ್ಧಕ್ಕೊಂದು ಹಾಳೆ, ಹಿಂದಿನ ಅರ್ಧಕ್ಕೊಂದು ಹಾಳೆ ಮಡಚಿ ಸೊಂಟದಲ್ಲಿ ಕೂಡಿಸುವುದು ಮಾಮೂಲಾಗಿತ್ತು. ಒಂದೇ ಚೌಕ, ಕತ್ತರಿ ಇಲ್ಲ, ಅಂಟು ಇಲ್ಲ ಎಂಬ ಹಟ ಗಟ್ಟಿಯಾದದ್ದು ಆಮೇಲೆ. 1979ರಲ್ಲಿ ಮೊದಲ ಪುಸ್ತಕ ತಂದ ಅಮೆರಿಕದ ಜಾನ್ ಮೋಂಟ್ರೋಲ್ ಈ ಹಟದ ದೊಡ್ಡ ಭಕ್ತರು. ಹಟ ಒಳ್ಳೆಯದೇ. ಅದಿಲ್ಲದಿದ್ದರೆ ಮುಂದಿನ ಗಣಿತ ಹುಟ್ಟುತ್ತಿರಲಿಲ್ಲ.

ಕಾಲಿಗೊಂದು ವೃತ್ತ

ಶಾಲೆಯಲ್ಲಿ ಎಲ್ಲರೂ ಮಾಡುವ ಕಾಗದದ ಕೊಕ್ಕರೆಗೆ ನಾಲ್ಕು ತುದಿ: ತಲೆ, ಬಾಲ, ಎರಡು ರೆಕ್ಕೆ. ಚೌಕಕ್ಕೆ ನಾಲ್ಕು ಮೂಲೆ, ಹಕ್ಕಿಗೆ ನಾಲ್ಕು ತುದಿ, ಲೆಕ್ಕ ಸರಿಹೋಯಿತು. ಆದರೆ ಜೀರುಂಡೆಗೆ ಆರು ಕಾಲು, ಮೇಲೆ ಕೊಂಬು, ಮೀಸೆ. ಅಷ್ಟು ತುದಿಗಳನ್ನು ನಾಲ್ಕು ಮೂಲೆಯ ಹಾಳೆಯಿಂದ ತರುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ಕೇಳಿದಾಗ ನನಗೆ ರೋಮಾಂಚನವಾಗಿತ್ತು. ಒಂದು ಕಾಲು ಬೇಕೆಂದರೆ, ಆ ಕಾಲಿನ ಉದ್ದವೇ ತ್ರಿಜ್ಯವಾಗಿರುವ ಒಂದು ವೃತ್ತದಷ್ಟು ಕಾಗದವನ್ನು ಅದಕ್ಕೆಂದು ತೆಗೆದಿಡಬೇಕು. ಆ ಕಾಲು ಚೌಕದ ಮೂಲೆಯಲ್ಲಿ ಹುಟ್ಟಿದರೆ ವೃತ್ತದ ನಾಲ್ಕನೇ ಒಂದು ಪಾಲು ಸಾಕು, ಅಂಚಿನಲ್ಲಾದರೆ ಅರ್ಧ, ನಡುವಿನಲ್ಲಾದರೆ ಪೂರ್ತಿ ವೃತ್ತ. ಒಂದರ ಮೇಲೊಂದು ಏರದಂತೆ ಎಲ್ಲ ವೃತ್ತಗಳನ್ನೂ ಚೌಕದಲ್ಲಿ ಜೋಡಿಸಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉದ್ದ ಕಾಲಿಗೆ ದೊಡ್ಡ ವೃತ್ತ, ಮೀಸೆಗೆ ಸಣ್ಣದು. ಜಪಾನಿನ ತೊಶಿಯುಕಿ ಮೆಗುರೊ, ಅಮೆರಿಕದ ರಾಬರ್ಟ್ ಲ್ಯಾಂಗ್ ಇಬ್ಬರೂ ಬೇರೆಬೇರೆಯಾಗಿಯೇ ಈ ದಾರಿ ಹಿಡಿದರು. ಲ್ಯಾಂಗ್ ಭೌತವಿಜ್ಞಾನಿ, ಪ್ರಾಣಿಯ ಮೈ-ಕಾಲುಗಳನ್ನು ಬರೀ ಕಡ್ಡಿಗಳಾಗಿ ಚಿತ್ರ ಬರೆದುಕೊಟ್ಟರೆ ಎಲ್ಲಿ ಮಡಚಬೇಕೆಂಬ ಗೀಟುಗಳ ನಕ್ಷೆ ಕೊಡುವ ‘ಟ್ರೀಮೇಕರ್’ ಎಂಬ ತಂತ್ರಾಂಶವನ್ನು ಬರೆದರು, 2001ರಲ್ಲಿ ಕೆಲಸ ಬಿಟ್ಟು ಪೂರ್ಣ ಇದಕ್ಕೇ ಇಳಿದರು.

1990ರ ದಶಕದಲ್ಲಿ ಇದರಿಂದ ಒಂದು ಯುದ್ಧವೇ ನಡೆಯಿತು. ಕೀಟಗಳ ಯುದ್ಧವೆಂದೇ ಅದಕ್ಕೆ ಹೆಸರು. ಒಬ್ಬ ಆರು ಕಾಲಿನ ಜೀರುಂಡೆ ತಂದರೆ ಇನ್ನೊಬ್ಬ ಕೊಂಬಿರುವುದನ್ನು ತಂದ, ಮತ್ತೊಬ್ಬ ರೆಕ್ಕೆ ಬಿಚ್ಚಿ ಹಾರುತ್ತಿರುವುದನ್ನು. ಗೆಲುವಿನ ಅಳತೆ ಕಾಲುಗಳ ಎಣಿಕೆಯಲ್ಲಿ. ಈ ಯುದ್ಧ ಈಗಲೂ ಮುಗಿದಿದೆ ಎಂದು ನನಗನಿಸುವುದಿಲ್ಲ.

ಗಣಿತದ ಮಾತು ಬಂದಿದ್ದಕ್ಕೆ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಚಪ್ಪಟೆಯಾಗಿ ಮಡಚಿದ ಯಾವುದೇ ಕಾಗದವನ್ನು ಬಿಚ್ಚಿ, ಹಾಳೆಯ ಒಳಗಡೆ ಗೀಟುಗಳು ಕೂಡುವ ಒಂದು ಬಿಂದುವನ್ನು ಹುಡುಕಿ. ಅಲ್ಲಿ ಉಬ್ಬಿದ ಗೀಟೆಷ್ಟು, ತಗ್ಗಿದ ಗೀಟೆಷ್ಟು ಎಣಿಸಿ. ಎರಡರ ನಡುವಿನ ವ್ಯತ್ಯಾಸ ಯಾವಾಗಲೂ ಎರಡೇ. ಇದನ್ನು ಮಾಏಕಾವಾ ಪ್ರಮೇಯ ಎನ್ನುತ್ತಾರೆ. ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಚೂರಿನ ಮೇಲೂ ಪರೀಕ್ಷಿಸಬಹುದು. ದೇವಿಮನೆ ಘಟ್ಟ ಇಳಿಯುವಾಗ ಮಾತ್ರ ಬೇಡ, ತಲೆ ಸುತ್ತುತ್ತದೆ.

ಮಳೆಗಾಲದ ಕಾಗದ

ಪುಸ್ತಕಗಳಲ್ಲಿ ಬರೆಯದ ತೊಂದರೆಯೊಂದು ನಮ್ಮ ಜಿಲ್ಲೆಯಲ್ಲಿದೆ, ಥಂಡಿ. ಜೂನ್ ಬಂತೆಂದರೆ ಪುಸ್ತಕದ ರಟ್ಟು ಬಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಕಾಗದಕ್ಕಂತೂ ಕೇಳುವುದೇ ಬೇಡ. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಹೆಚ್ಚುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದ ನಾರು ಉದ್ದಕ್ಕೆ ಬೆಳೆಯುವುದು ಕಡಿಮೆ, ಅಡ್ಡಕ್ಕೆ ಉಬ್ಬುವುದು ಜಾಸ್ತಿ. ಹಾಗಾಗಿ ಬಿಸಿಲಿದ್ದ ಹೊತ್ತಿನಲ್ಲಿ ಅಳೆದು ಕತ್ತರಿಸಿದ ಚೌಕ, ಮಳೆ ಹಿಡಿದ ಸಂಜೆಗೆ ಚೌಕವಾಗಿ ಉಳಿದಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಅದು. ಆದರೆ ಹಾಳೆಯನ್ನು 32 ಮನೆಗಳಾಗಿ, ಆಮೇಲೆ 64 ಮನೆಗಳಾಗಿ ಭಾಗಿಸುವಾಗ ಅದೇ ಸಣ್ಣದು ಒಟ್ಟುಗೂಡಿ, ಕಡೆಯ ಸಾಲಿನ ಹೊತ್ತಿಗೆ ಎದ್ದು ಕಾಣುತ್ತದೆ.

ನಾನು ಬಳಸುವುದು ಹೆಚ್ಚಾಗಿ ಖಾಕಿ ಬೈಂಡಿನ ಕಾಗದ, ಅದರಲ್ಲೂ ತೆಳುವಾದ, ಒಂದು ಬದಿ ನುಣುಪಿರುವ ಜಾತಿ. ಗಟ್ಟಿ, ಅಗ್ಗ, ಎಷ್ಟು ಸಲ ಮಡಚಿ ಬಿಚ್ಚಿದರೂ ಹರಿಯುವುದಿಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇರುವ ಜಿಲ್ಲೆಯವನಿಗೆ ಕಾಗದದ ಬರ ಇರಬಾರದು ನಿಜ, ಆದರೆ ಒರಿಗಾಮಿಯವರು ಕೇಳುವ ಕಾಗದವೇ ಬೇರೆ. ಜಪಾನಿನವರ ಹತ್ತಿರ ಕೊಜೊ ಗಿಡದ ಉದ್ದ ನಾರಿನ ವಾಶಿ ಇದೆ. ಅದು ಸಿಗದ ನಮ್ಮಂಥವರು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಎರಡೂ ಬದಿಗೆ ಟಿಶ್ಯೂ ಕಾಗದ ಅಂಟಿಸಿಕೊಳ್ಳುತ್ತೇವೆ. ಮಳೆಗಾಲಕ್ಕೆ ಇದೇ ವಾಸಿ, ಕಾಗದ ಮೆತ್ತಗಾದರೂ ಒಳಗಿನ ಲೋಹ ಮಡಿಕೆಯನ್ನು ಬಿಟ್ಟುಕೊಡುವುದಿಲ್ಲ. ಮೆಚ್ಚಿ ಬಳಸುತ್ತೇನೆಂದಲ್ಲ. ಫಾಯಿಲ್ ಪ್ರಾಣಿಗಳ ಮೈಮೇಲೆ ಸುಕ್ಕು ಜಾಸ್ತಿ.

ಥಂಡಿಯನ್ನೇ ಕೆಲಸಕ್ಕೆ ಹಚ್ಚಿದವರು ಜಪಾನಿನ ಒರಿಗಾಮಿ ಗುರು ಅಕಿರಾ ಯೋಶಿಜಾವಾ. ದಪ್ಪ ಕಾಗದವನ್ನು ಹದವಾಗಿ ಒದ್ದೆ ಮಾಡಿ ಮಡಚಿದರೆ, ಕಾಗದದೊಳಗಿನ ಗಂಜಿಯಂಥ ಅಂಶ ಸಡಿಲಾಗಿ ಹಾಳೆ ಕೈಮಾತು ಕೇಳುತ್ತದೆ. ಒಣಗಿದಾಗ ಅದೇ ಗಂಜಿ ಬಿಗಿದು, ಕೊಟ್ಟ ಬಾಗನ್ನು ಹಿಡಿದಿಡುತ್ತದೆ. ಚೂಪು ಗೀಟುಗಳ ಬದಲು ತುಂಬಿದ ಬೆನ್ನು, ದುಂಡಗಿನ ಹೊಟ್ಟೆ ಸಾಧ್ಯವಾದದ್ದು ಇದರಿಂದ. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ. ನಮ್ಮ ಕಡೆ ಕೊಳೆರೋಗ ತಾಗದಂತೆ ಅಡಿಕೆ ಕೊನೆಗೆ ಹಾಳೆಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಮಾಡುತ್ತಿದ್ದುದೂ ಅದನ್ನೇ. ಒಣ ಅಡಿಕೆಹಾಳೆ ಬಗ್ಗಿಸಲು ಹೋದರೆ ಸೀಳುತ್ತದೆ. ನೀರಿನಲ್ಲಿ ನೆನೆಹಾಕಿದರೆ ಮೆತ್ತಗಾಗಿ ಎತ್ತ ಬೇಕಾದರೂ ಬಾಗುತ್ತದೆ, ಬಿದಿರುಕಡ್ಡಿ ಚುಚ್ಚಿ ಬಿಟ್ಟರೆ ಒಣಗಿ ಅದೇ ಆಕಾರದಲ್ಲಿ ನಿಲ್ಲುತ್ತದೆ. ಈಗ ಪ್ಲಾಸ್ಟಿಕ್ ಕೊಟ್ಟೆ ಬಂದು ಆ ಕೈಕೆಲಸ ಬಿಟ್ಟುಹೋಗಿದೆ, ಅದು ಬೇರೆ ಕತೆ.

ಕಾರವಾರದ ಮೀನುಪೇಟೆಯಲ್ಲಿ

ಕೆಲಸದ ಮೇಲೆ ಕೆಲವು ವರ್ಷ ಕಾರವಾರದಲ್ಲಿದ್ದೆ. ಆಗ ಕೈಯಲ್ಲಿದ್ದದ್ದು ಒಂದು ಏಡಿ. ಎರಡು ಕೊಂಡಿ, ನಾಲ್ಕು ಜೋಡಿ ಕಾಲು, ಎರಡು ಕಣ್ಣು, ಎಲ್ಲ ಒಂದೇ ಚೌಕದಿಂದ. ಗೀಟುಗಳನ್ನೆಲ್ಲ ಮೊದಲೇ ಹಾಕಿಕೊಂಡು, ಇಡೀ ಹಾಳೆಯನ್ನು ಒಟ್ಟಿಗೆ ಒಳಕ್ಕೆ ಕುಸಿಸುವ ಹಂತವೊಂದಿದೆ. ಅದು ಆಗುವವರೆಗೆ ಉಸಿರು ಬಿಗಿಹಿಡಿದಿರುತ್ತದೆ, ಆದಮೇಲೆ ಕೈಯಲ್ಲಿ ಉಳಿಯುವುದು ಏಡಿಯಲ್ಲ, ಹತ್ತು ಹನ್ನೆರಡು ಮುಳ್ಳುಗಳ ಒಂದು ಕಟ್ಟು. ನಕ್ಷೆ ಅಲ್ಲಿಗೆ ಮುಗಿಯುತ್ತದೆ. ಉಳಿದದ್ದಕ್ಕೆ ಅದರ ಕೊನೆಯಲ್ಲಿ ಒಂದೇ ಸಾಲು: ಕಾಲುಗಳನ್ನು ತಿದ್ದಿ, ಆಕಾರ ಕೊಡಿ. ಹೇಗೆ ತಿದ್ದಬೇಕು, ಗಂಟು ಎಲ್ಲಿ ಬರಬೇಕು ಎಂಬುದು ಮಡಚುವವನಿಗೆ ಬಿಟ್ಟದ್ದು.

ಕೊಂಡಿಯನ್ನು ಹತ್ತಿರದಿಂದ ನೋಡೋಣವೆಂದು ಒಂದು ಬೆಳಿಗ್ಗೆ ಮೀನುಪೇಟೆಗೆ ಹೋದೆ. ಕಾಗದದ ಏಡಿ ಟಿಫಿನ್ ಡಬ್ಬಿಯಲ್ಲಿತ್ತು. ಮೀನು ತಿನ್ನದ ಮನೆಯವನು ಮೀನುಪೇಟೆಯಲ್ಲಿ ಹೇಗೆ ನಿಲ್ಲುತ್ತಾನೆಂದು ನಿಮಗೆ ಗೊತ್ತಿರಬಹುದು: ಪ್ಯಾಂಟು ಚೂರು ಎತ್ತಿಕೊಂಡು, ಎಲ್ಲೂ ತಾಗದಂತೆ, ಏನೋ ಕಳೆದುಕೊಂಡವನ ಮುಖ ಮಾಡಿಕೊಂಡು. ಏಡಿ ಮಾರುವ ಹೆಂಗಸೊಬ್ಬಳು ನನ್ನನ್ನು ಅಳೆದು ನೋಡಿ, “ಏನು ಭಟ್ರೇ, ದಾರಿ ತಪ್ಪಿತಾ?” ಎಂದಳು. ಅವಳ ಕೊಂಕಣಿ ಬೆರೆತ ಕನ್ನಡ, ನನ್ನ ಘಟ್ಟದ ಮೇಲಿನ ಕನ್ನಡ, ಹೇಗೋ ಸಾಗಿತು. ಬುಟ್ಟಿಯಲ್ಲಿ ಬೆನ್ನ ಮೇಲೆ ಮೂರು ಕೆಂಪು ಚುಕ್ಕೆಯಿರುವ ಸಮುದ್ರದ ಏಡಿಗಳಿದ್ದವು. ಪಕ್ಕದಲ್ಲಿ, ಕೊಂಡಿಗೆ ದಾರ ಬಿಗಿದು ಜೀವಂತವಿಟ್ಟ, ಕಾಳಿ ಹೊಳೆಯ ಅಳಿವೆಯ ಕೆಸರಿನ ದೊಡ್ಡ ಏಡಿಗಳು. ನೋಡಲು ಬಂದಿದ್ದೇನೆ ಎಂದರೆ ಬೈಯುತ್ತಾಳೇನೋ ಎಂದು ಡಬ್ಬಿ ತೆಗೆದು ತೋರಿಸಿದೆ.

ಒಂದೇ ಹಾಳೆಯಾ ಎಂದು ಅವಳು ಕೇಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಏಡಿಯನ್ನು ಎತ್ತಿ, ತಕ್ಷಣ ತಿರುವಿ ಹಾಕಿದಳು. ಏಡಿ ಕೊಳ್ಳುವವರೂ ಮಾರುವವರೂ ಮಾಡುವುದೇ ಅದು. ಹೊಟ್ಟೆಯ ಕೆಳಗಿನ ಮಡಿಕೆ ಸಪೂರವಿದ್ದರೆ ಗಂಡು, ಅಗಲವಿದ್ದರೆ ಹೆಣ್ಣು. ಹೆಬ್ಬೆರಳಿನಿಂದ ಒತ್ತಿದರೆ ಮಾಂಸ ತುಂಬಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅವಳು ಒತ್ತಿದಳು. ಕೆಳಗಡೆ ಗಂಡೂ ಇರಲಿಲ್ಲ, ಹೆಣ್ಣೂ ಇರಲಿಲ್ಲ, ಒಳಕ್ಕೆ ತುರುಕಿದ ಕಾಗದದ ಅಂಚುಗಳಿದ್ದವು. ನಾವು ಮಡಚುವವರು ಯಾವತ್ತೂ ತೋರಿಸದ ಬದಿ ಅದು. ಫೋಟೊ ತೆಗೆಯುವಾಗಲೂ ಮೇಲಿನಿಂದಲೇ ತೆಗೆಯುತ್ತೇವೆ. “ಹೊಟ್ಟೆ ಇಲ್ಲ ಇದಕ್ಕೆ” ಎಂದು ಮತ್ತೆ ಮಗುಚಿ, ಹಿಂದಿನ ಕಾಲನ್ನು ಬೆರಳಿನಲ್ಲಿ ಹಿಡಿದು, “ಇದು ಸಮುದ್ರದ್ದಲ್ಲ. ಗದ್ದೆ ಕುರ್ಲಿ” ಎಂದಳು.

ಹೇಗೆ ಹೇಳುತ್ತೀ ಎಂದು ಕೇಳಿದ್ದಕ್ಕೆ ಬುಟ್ಟಿಯಿಂದ ಒಂದು ಚುಕ್ಕೆ ಏಡಿ ಎತ್ತಿ, ಅದರ ಕಡೇ ಜೋಡಿ ಕಾಲನ್ನು ಬಿಡಿಸಿ ನನ್ನ ಮುಖದ ಹತ್ತಿರ ಹಿಡಿದಳು. ಮುಂದಿನ ಮೂರು ಜೋಡಿ ತುದಿಗೆ ಚೂಪಾಗಿದ್ದವು, ನಡೆಯುವ ಕಾಲು. ಕಡೆಯದು ಮಾತ್ರ ತುದಿಯಲ್ಲಿ ಚಪ್ಪಟೆ, ಮೊಟ್ಟೆಯಾಕಾರದ ತೆಳು ಹಲಗೆ, ಅಂಚಿಗೆ ಸಣ್ಣ ರೋಮದ ಸಾಲು. ಅದು ದೋಣಿಯ ಹುಟ್ಟಿನ ಹಾಗೆ, ಈಜುವುದಕ್ಕೆ. ಕೆಸರಿನ ದೊಡ್ಡ ಏಡಿಗೂ ಹಾಗೇ ಇತ್ತು. ಗದ್ದೆಯ ಏಡಿಗೆ ಈಜುವ ಕೆಲಸವಿಲ್ಲ, ಅದರ ಎಲ್ಲ ಕಾಲೂ ಚೂಪು. ನನ್ನ ಕಾಗದದ್ದಕ್ಕೂ ಎಲ್ಲ ಚೂಪು. ಇಷ್ಟು ಹೇಳಿ, ಏಡಿಯನ್ನು ಡಬ್ಬಿಯಲ್ಲಿ ಮೃದುವಾಗಿಯೇ ಇಟ್ಟು, ಗಿರಾಕಿ ಬಂದಳೆಂದು ಆಚೆ ತಿರುಗಿದಳು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಯಾವ ಏಡಿ ಎಂದು ಗುರುತಿಸಿದಳು, ಅಷ್ಟೇ.

ರೂಮಿಗೆ ಬಂದು ಅದನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಕಾಲು ಹೇಗೆ ತಿದ್ದಬೇಕೆಂದು ನಕ್ಷೆ ಹೇಳಿರಲಿಲ್ಲ. ಆ ಗಂಟುಗಳನ್ನು ಎಲ್ಲಿಂದ ತಂದೆ? ಚಿಕ್ಕವನಿದ್ದಾಗ ಮಳೆ ಶುರುವಾದ ಮೇಲೆ ನಮ್ಮ ಗದ್ದೆಯ ಹಾಳಿಯ ತೂತಿನಲ್ಲಿ ಕಡ್ಡಿ ಹಾಕಿ ಏಡಿ ಹೊರಗೆ ಎಳೆಯುತ್ತಿದ್ದೆವು. ಅದು ಮೈ ಎತ್ತಿ, ಕೊಂಡಿ ಎರಡೂ ಮುಂದೆ ಹಿಡಿದು, ಹಿಂದಿನ ಕಾಲುಗಳನ್ನು ಮಣ್ಣಿಗೆ ಊರಿ ಅಡ್ಡಕ್ಕೆ ಸರಿಯುವ ರೀತಿ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಮುದ್ರದ ಪಕ್ಕ ಕೂತು ಬೆರಳು ತಿದ್ದಿದ್ದು ಘಟ್ಟದ ಮೇಲಿನ ಏಡಿಯನ್ನು. ನಮ್ಮ ಗದ್ದೆಗೆ ಕಾಲಿಡದ ಹೆಂಗಸು ಅದನ್ನು ಓದಿದಳು. ಆ ಏಡಿಗೆ ಸಿಕ್ಕ ಮೆಚ್ಚುಗೆಗಳಲ್ಲಿ ನಾನು ನಂಬುವುದು ಅದೊಂದನ್ನೇ.

ಯಾರೂ ನೋಡದ ಪ್ರಾಣಿಗಳು

ಅವತ್ತಿನಿಂದ ನನಗೆ ಡ್ರ್ಯಾಗನ್‌ಗಳ ಮೇಲೆ ಅನುಮಾನ. ಸಾತೊಶಿ ಕಾಮಿಯಾರ ‘ರ್‍ಯೂಜಿನ್’ ಡ್ರ್ಯಾಗನ್ ಒರಿಗಾಮಿ ಗೊತ್ತಿರುವವರೆಲ್ಲ ಕೈಮುಗಿಯುವ ಕೃತಿ. ಮೈತುಂಬ ಹುರುಪೆ, ಉಗುರು, ಮೀಸೆ, ಕೊಂಬು, ಎಲ್ಲ ಒಂದೇ ಚೌಕದಿಂದ. ಆಳೆತ್ತರ ಮೀರಿದ ಹಾಳೆ ಹಿಡಿದು ಮಡಚುವವರಿದ್ದಾರೆ, ಪಳಗಿದ ಕೈಗೂ ವಾರಗಟ್ಟಲೆ ಕೆಲಸ. ಕಾಮಿಯಾ 1981ರಲ್ಲಿ ಹುಟ್ಟಿದವರು, ಈ ಕಾಲದ ದೊಡ್ಡ ವಿನ್ಯಾಸಕಾರರಲ್ಲಿ ಒಬ್ಬರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ರ್ಯಾಗನ್‌ಗೆ ಒಂದು ಅನುಕೂಲವಿದೆ. ಅದನ್ನು ಬುಟ್ಟಿಯಲ್ಲಿಟ್ಟು ಮಾರುವವರಿಲ್ಲ. ತಿರುವಿ ಹಾಕಿ, ಕಡೇ ಕಾಲು ಸರಿಯಿಲ್ಲ ಎನ್ನಬಲ್ಲವರು ಭೂಮಿಯ ಮೇಲಿಲ್ಲ. ಹಾಗಾಗಿ ಅದರ ಮುಂದೆ ನಿಂತಾಗ ಎಣಿಸುವುದೊಂದೇ ಉಳಿಯುವುದು: ಎಷ್ಟು ಹುರುಪೆ, ಎಷ್ಟು ದಿನ. ನಮ್ಮ ಜಗಲಿಯ ನೆಂಟರಿಗೆ ಎಲ್ಲ ಪ್ರಾಣಿಗಳೂ ಡ್ರ್ಯಾಗನ್‌ಗಳೇ. ಮಡಚುವವರೂ ಒಬ್ಬರಿಗೊಬ್ಬರು ತೋರಿಸಿಕೊಳ್ಳುವಾಗ ಹಾಗೆಯೇ ಆಗಿಬಿಡುತ್ತಾರೆ ಎಂಬುದು ನನ್ನ ತಕರಾರು.

ಹುರುಪೆಯ ವಿಷಯದಲ್ಲೇ ನನಗೆ ಹೆಚ್ಚು ಹಿಡಿಸುವುದು ಫ್ರಾನ್ಸಿನ ಎರಿಕ್ ಜೋಯಿಸೆಲ್ ಮಡಚಿದ ಚಿಪ್ಪುಹಂದಿ. 2010ರಲ್ಲಿ ತೀರಿಕೊಂಡ ಜೋಯಿಸೆಲ್ ಮೂಲತಃ ಶಿಲ್ಪಿ. ಹಾಳೆಯ ಮೇಲೆ ಮೊದಲು ನಿರಿಗೆಗಳ ಜಾಲ ಹಾಕಿ, ಒಂದೊಂದೇ ಚಿಪ್ಪು ಎಬ್ಬಿಸಿ, ಆಮೇಲೆ ಇಡೀ ಮೈಯನ್ನು ಬಾಗಿಸಿದ್ದಾರೆ. ಎಣಿಸುತ್ತ ಕೂತರೆ ಚಿಪ್ಪುಗಳೂ ಬೇಕಾದಷ್ಟಿವೆ. ಆದರೆ ಅದರ ಫೋಟೊವನ್ನು ಯಲ್ಲಾಪುರ ಕಡೆಯ ಕಾಡಿನಲ್ಲಿ ಓಡಾಡಿದ ಪರಿಚಯದವರಿಗೆ ತೋರಿಸಿದಾಗ ಅವರು ಎಣಿಸಲಿಲ್ಲ, “ರಾತ್ರೆ ಇರುವೆಗೂಡು ಮೂಸುವಾಗ ಬೆನ್ನು ಹೀಗೇ ಮಾಡುತ್ತದೆ” ಎಂದರು. ಯೋಶಿಜಾವಾ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಅಥವಾ ಹಿಂದೆ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಹೊಸಬರಿಗೆ ರೇಖಾಗಣಿತ ಕಲಿಸಲು ಕಾಗದ ಮಡಚಿದ ಮನುಷ್ಯ, 1954ರ ಪುಸ್ತಕದಲ್ಲಿ ಗೀಟು-ಬಾಣಗಳ ಗುರುತು ಕೊಟ್ಟು ಇವತ್ತಿಗೂ ಜಗತ್ತು ಬಳಸುವ ಬರವಣಿಗೆಗೆ ಬುನಾದಿ ಹಾಕಿದವರು. ಅವರ ಪ್ರಾಣಿಗಳಲ್ಲಿ ಮಡಿಕೆ ಕಡಿಮೆ. ಉಗುರಿಲ್ಲ, ಎಷ್ಟೋ ಸಲ ಕಣ್ಣೂ ಇಲ್ಲ. ಆದರೂ ಅವು ಯಾವ ಕಡೆ ನೋಡುತ್ತಿವೆ ಎಂದು ಗೊತ್ತಾಗುತ್ತದೆ. ಬರಬರುತ್ತ ನಾನು ಆ ಕಡೆಗೇ ವಾಲುತ್ತಿದ್ದೇನೆ, 64 ಮನೆಗಳ ಹಾಳೆಗಳನ್ನು ಬಿಡಲೂ ಆಗದೆ.

ಕಪಾಟಿನ ಘೇಂಡಾಮೃಗವನ್ನು ಈಗ ಹಿಂದಿನ ಸಾಲಿಗೆ ಸರಿಸಿದ್ದೇನೆ. ಚಿತ್ರ ಬಿಟ್ಟರೆ ಅದನ್ನು ನಾನು ಎಲ್ಲೂ ನೋಡಿಲ್ಲ, ನಮ್ಮ ಕಡೆ ಹೇಳಬಲ್ಲವರೂ ಯಾರೂ ಇಲ್ಲ. ಸದ್ಯ ತಲೆಯಲ್ಲಿರುವುದು ದಾಂಡೇಲಿಯ ಮಂಗಟ್ಟೆ. ಕೊಕ್ಕಿನ ಮೇಲಿನ ಆ ಶಿರಸ್ತ್ರಾಣಕ್ಕೆ ಇನ್ನೊಂದು ತುದಿ ಬೇಕು, ಎಂದರೆ ಕೊಕ್ಕಿನ ವೃತ್ತದ ಪಕ್ಕದಲ್ಲೇ ಮತ್ತೊಂದು ವೃತ್ತ. ಅದನ್ನು ಹೇಗೋ ಹೊಂದಿಸಬಹುದು. ಬಣ್ಣದ್ದೇ ತಾಪತ್ರಯ. ಕಾಗದಕ್ಕೆ ಎರಡು ಬದಿ, ಎರಡೇ ಬಣ್ಣ. ಹಕ್ಕಿಗೆ ಕಪ್ಪು, ಬಿಳಿ, ಹಳದಿ ಮೂರು. ಯಾವುದನ್ನು ಬಿಡುವುದು? ಹಕ್ಕಿ ತೋರಿಸಲು ಜನರನ್ನು ಕರೆದೊಯ್ಯುವ ದಾಂಡೇಲಿಯ ಹುಡುಗನೊಬ್ಬನಿಗೆ ಫೋನು ಮಾಡಿ, ಮಂಗಟ್ಟೆಯಲ್ಲಿ ನಿನಗೆ ಮೊದಲು ಗೊತ್ತಾಗುವುದು ಯಾವುದು, ರೆಕ್ಕೆಯ ಬಿಳಿಯೋ ಕೊಕ್ಕಿನ ಹಳದಿಯೋ ಎಂದು ಕೇಳಿದೆ. ಎರಡೂ ಅಲ್ಲ ಎಂದ. ಹಕ್ಕಿ ಕಾಣುವ ಮೊದಲೇ ರೆಕ್ಕೆ ಬಡಿಯುವ ಸದ್ದು ಮರದ ಮೇಲಿಂದ ಬರುತ್ತದಂತೆ. “ಅದನ್ನ ಹೆಂಗ್ ಮಡಚ್ತೀರಿ ಸರ್?” ಎಂದು ನಕ್ಕ. ಮೊದಲು ಕೊಕ್ಕು ಆಗಲಿ ಮಾರಾಯಾ ಎಂದೆ.